ನಾಲ್ಕನೇ ಬೋಲ್ಟು

ಬಾವಿ ಹತ್ತಿರ ಬಂದಾಗ ರಾತ್ರಿ ಹತ್ತೂವರೆ ಆಗಿತ್ತಂತೆ… ಅಂತೆ ಏನು ಬಂತು, ಆಗಿತ್ತು. ಇದು ನಮ್ಮ ದೊಡ್ಡಮ್ಮನ ಮಗನಿಗೆ ಆಗಿದ್ದು. ನನ್ನ ಮುಂದೆ ಕೂತು, ಮೊಣಕಾಲು ನೀವಿಕೊಳ್ತಾ ಅವನೇ ಹೇಳಿದ್ದು. ಸುಳ್ಳು ಕಟ್ಟೋಕೂ ಮೈಯಲ್ಲಿ ಒಂದಿಷ್ಟು ಕಸುವು ಬೇಕು. ಅವನಲ್ಲಿ ಅಷ್ಟೂ ಉಳಿದಿರಲಿಲ್ಲ.

ಅವನನ್ನ ಎಲ್ಲರೂ ನಿಧಾನಣ್ಣ ಅಂತಾರೆ. ಹಳೇ ಇಂಗ್ಲೆಂಡ್ ಬೈಕುಗಳ ಕೆಲಸ ಅವನದ್ದು. ಗುಜರಿ ಸೇರಬೇಕಾದ ಗಾಡೀನ ಪೂರ್ತಿ ಬಿಚ್ಚಿ, ತೊಳೆದು, ಕಾರ್ಖಾನೆಯಿಂದ ಹೊರಗೆ ಬಂದ ದಿನ ಹೇಗಿತ್ತೋ ಹಾಗೆ ಮತ್ತೆ ಕಟ್ಟಿ ನಿಲ್ಲಿಸ್ತಾನೆ. ತಲೆ ಮೇಲೆ ತಲೆ ಬಿದ್ದರೂ ಅವಸರ ಮಾಡೋನಲ್ಲ. ‘ನಿನ್ನ ಹತ್ತಿರ ಬೈಕು ಬಿಟ್ಟರೆ ಮೊಮ್ಮಗ ಬಂದು ಬಿಡಿಸ್ಕೊಂಡು ಹೋಗಬೇಕು’ ಅಂತ ಜನ ಆಡಿಕೊಳ್ತಿದ್ರು. ಅವನು ನಕ್ಕು ಸುಮ್ಮನಾಗ್ತಿದ್ದ. ಆ ನಿಧಾನ ಅವನಿಗೆ ಹುಟ್ಟಿನಿಂದ ಬಂದದ್ದಲ್ಲ. ಅದು ಎಲ್ಲಿಂದ ಬಂತು ಅಂತ ಆಮೇಲೆ ಹೇಳ್ತೀನಿ.

ಆವತ್ತು ಶೆಡ್ಡಿಗೆ ಬೀಗ ಹಾಕಿ ಹೊರಟ. ಕೈಗೆ ಸೀಮೆಎಣ್ಣೆ ವಾಸನೆ, ಸೊಂಟಕ್ಕೆ ನೋವು. ಶೆಡ್ಡಿಂದ ಮೂವತ್ತು ಹೆಜ್ಜೆ ನಡೆದರೆ ಬಾವಿ. ಬಾವಿ ಅಂದ್ರೆ ಹೆಸರಿಗೆ ಬಾವಿ. ನೀರು ಬತ್ತಿ, ಒಡೆದ ಗೋಡೆಯ ಇಟ್ಟಿಗೆ ಕಲ್ಲು ಸುರಿದು, ಬಾಯಿಗೆ ಚಪ್ಪಡಿ ಹಾಕಿ ಹದಿನಾಲ್ಕು ವರ್ಷ ಆಗಿತ್ತು. ಸುತ್ತಲಿನ ಕಟ್ಟೆ ಮಾತ್ರ ಹಾಗೇ ಇದೆ.

ಅಲ್ಲಿಗೆ ಬಂದಾಗ ಕೇಳಿಸ್ತು.

ಕ್ರಿಕ್… ಕ್ರಿಕ್… ಕ್ರಿಕ್…

ಜೀರುಂಡೆ ಅಲ್ಲ. ಜೀರುಂಡೆ ಸದ್ದು ಯಾರಿಗೆ ಗೊತ್ತಿಲ್ಲ? ಇದು ಹಳೇ ಕೈಗಡಿಯಾರಕ್ಕೆ ಕೀ ಕೊಡೋ ಸದ್ದು. ಹೆಬ್ಬೆರಳು ತೋರುಬೆರಳ ಮಧ್ಯೆ ತಿರುಗಿಸ್ತಾರಲ್ಲ, ಅದು. ಕಾಯ್ತಾ ಕೂತಿರೋ ಮನುಷ್ಯ ಹೊತ್ತು ಹೋಗದೆ ಕೀ ಕೊಡೋ ಹಾಗೆ… ಮೂರು ಸಲ, ಆಮೇಲೆ ನಿಲ್ಲಿಸಿ, ಮತ್ತೆ ಮೂರು ಸಲ.

ನಿಧಾನಣ್ಣ ನಿಂತ. ಕಟ್ಟೆ ಮೇಲೆ ಯಾರೂ ಇಲ್ಲ. ಅವನು ತಿರುಗಿ ನೋಡದೆ ಮನೆಗೆ ಬಂದ. ಊಟಕ್ಕೆ ಕೂತವನು ಅರ್ಧಕ್ಕೆ ಎದ್ದ. ಅತ್ತಿಗೆ ‘ಏನಾಯ್ತು’ ಅಂದ್ರೆ ‘ಸುಸ್ತು’ ಅಂದ.

ಸುಸ್ತು ನಿಜ. ಆದ್ರೆ ಆ ಸದ್ದು ಯಾರದ್ದು ಅಂತ ಅವನಿಗೆ ಗೊತ್ತಿತ್ತು.

ಆವತ್ತು ಮಧ್ಯಾಹ್ನ ಏನಾಗಿತ್ತು ಕೇಳಿ. ಎರಡು ತಿಂಗಳ ಹಿಂದೆ ಟೀಚರಮ್ಮ ಒಬ್ಬರು ಟೆಂಪೋದಲ್ಲಿ ಒಂದು ಬೈಕು ತಂದು ಇಳಿಸಿದ್ರು. ರಿಟೈರಾದವರು, ಸಣ್ಣ ಮೈ, ಮಾತು ಮಾತ್ರ ಸ್ಪಷ್ಟ. ಬೈಕಿಗೆ ಬಣ್ಣ ಅನ್ನೋದೇ ಇರಲಿಲ್ಲ, ಬರೀ ತುಕ್ಕು. ಮುಂದಿನ ಮಡ್ಗಾರ್ಡೇ ಇರಲಿಲ್ಲ. ‘ಇದು ನಮ್ಮನೆಯವರದ್ದು. ಮಗ ಹುಟ್ಟಿದ ರಾತ್ರಿ ಇದರ ಮೇಲಿಂದ ಬಿದ್ದು ಹೋದ್ರು’ ಅಂದ್ರು. ‘ಮೂವತ್ತೊಂದು ವರ್ಷ ನಮ್ಮನೆ ಹಿತ್ತಲಲ್ಲಿ ಕೊಳೀತಿತ್ತು. ಈಗ ಮಗ ಓಡಿಸ್ಬೇಕಂತೆ. ಹೇಗಿತ್ತೋ ಹಾಗೇ ಮಾಡಿಕೊಡಿ.’

ಆಗಲೇ ಅವನಿಗೆ ಅನುಮಾನ ಬಂದಿತ್ತು. ಇಂಥ ಬೈಕು ಬೇಕಾದಷ್ಟಿವೆ ಅಂತ ತನಗೆ ತಾನೇ ಸಮಾಧಾನ ಹೇಳ್ಕೊಂಡಿದ್ದ. ಆವತ್ತು ಮಧ್ಯಾಹ್ನ ಮುಂದಿನ ಫೋರ್ಕು, ಅಂದ್ರೆ ಚಕ್ರ ಹಿಡಿಯೋ ಕವಲು, ತೊಳೀತಾ ಕೂತ. ಫೋರ್ಕಿನ ಎರಡೂ ಕಾಲಿಗೆ ಎರಡೆರಡು ಕಿವಿ ಇರ್ತಾವೆ. ಮಡ್ಗಾರ್ಡಿನ ಕಂಬಿ ಬಂದು ಆ ಕಿವಿಗೆ ಬೋಲ್ಟಲ್ಲಿ ಕೂರೋದು. ಒಟ್ಟು ನಾಲ್ಕು ಬೋಲ್ಟು. ಮೂರು ಕಿವಿಯಲ್ಲಿ ಹಳೇ ಬೋಲ್ಟು ಇದ್ದವು, ತಲೆ ಮೇಲೆ ಸಣ್ಣ ಉಬ್ಬಿರೋ ಅಸಲಿ ಬೋಲ್ಟು. ನಾಲ್ಕನೇ ಕಿವಿ ಖಾಲಿ. ತೂತಿಗೆ ತಂತಿ ಹಾಕಿ ಕೆದಕಿದ. ಗಟ್ಟಿಯಾದ ಗ್ರೀಸಿನ ಉಂಡೆ ಬಂತು. ಉಂಡೆ ಒಳಗೆ ಕೆಂಪು ದಾರ.

ಬಟ್ಟೆ ಹೊಲಿಯೋ ದಾರ. ನಮ್ಮ ದೊಡ್ಡಮ್ಮನ ಹೊಲಿಗೆ ಡಬ್ಬಿಯದ್ದು.

ಮೂವತ್ತೊಂದು ವರ್ಷದ ಹಿಂದೆ ಅದೇ ಶೆಡ್ಡು ಅವನ ಮೇಸ್ತ್ರಿಯದ್ದು. ಇವನಿಗೆ ಹತ್ತೊಂಬತ್ತು, ಕೆಲಸ ಕಲೀತಿದ್ದ. ಆಗ ಅವನಷ್ಟು ಚುರುಕು ಇನ್ನೊಬ್ಬ ಇರಲಿಲ್ಲ, ಗಾಳಿಗಿಂತ ಮುಂದೆ ಓಡ್ತಿದ್ದ. ಒಂದು ಸಂಜೆ ಮೇಸ್ತ್ರಿ ಮನೆಗೆ ಹೋಗಿದ್ರು. ಒಬ್ಬ ಸರ್ವೆಯರ್ ಬಂದ. ಜಮೀನು ಅಳೆಯೋ ಕೆಲಸದವನು, ಚೊಕ್ಕ ಮನುಷ್ಯ, ಹಸಿರು ಬೈಕು. ಮುಂದಿನ ಚಕ್ರ ಪಂಕ್ಚರ್, ಕಂಬಿಯೂ ಬಗ್ಗಿತ್ತು. ‘ಮನೆಯವಳನ್ನ ಹೆರಿಗೆಗೆ ಸೇರಿಸಿದೀನಿ, ಎಷ್ಟು ಹೊತ್ತಾಗುತ್ತಪ್ಪಾ?’ ಅಂದ. ‘ಅರ್ಧ ಗಂಟೆ ಸಾರ್’ ಅಂದ ಇವನು. ಆ ಮನುಷ್ಯ ಬಾವಿ ಕಟ್ಟೆ ಮೇಲೆ ಕೂತು, ಗಡಿಯಾರಕ್ಕೆ ಕೀ ಕೊಡ್ತಾ ಕಾದ. ಆಗ ಬಾವಿ ತುಂಬಾ ನೀರು.

ಇವನು ನಾಲ್ಕೂ ಬೋಲ್ಟು ತಟ್ಟೆಗೆ ಹಾಕ್ಕೊಂಡು ಬಾವಿ ಕಟ್ಟೆಯ ಈಚೆ ತುದೀಲಿ ಕೂತು ಸೀಮೆಎಣ್ಣೇಲಿ ತೊಳೆದ. ಒಂದು ಜಾರ್ತು. ಕಲ್ಲಿಗೆ ಟಿಣ್… ಇನ್ನೊಂದು ಕಲ್ಲಿಗೆ ಟಿಣ್… ಬುಳಕ್.

‘ಏನಪ್ಪಾ ಅದು ಬಿದ್ದಿದ್ದು?’ ಅಂದ ಸರ್ವೆಯರ್.

‘ಕಲ್ಲು ಸಾರ್.’

ಇಂಗ್ಲೆಂಡ್ ಬೈಕಿನ ಬೋಲ್ಟು ಇಂಚಿನ ಲೆಕ್ಕದ್ದು. ಇದು ಕಾಲಿಂಚು ದಪ್ಪ, ಇಂಚಿಗೆ ಇಪ್ಪತ್ತಾರು ಸುತ್ತು ತ್ರೆಡ್ಡು. ಶೆಡ್ಡಿನ ಡಬ್ಬೀಲಿ ಇದ್ದದ್ದು ಆರು ಮಿಲಿಮೀಟರಿನವು. ನೋಡೋಕೆ ಅವಳಿ ಜವಳಿ. ಸುತ್ತಿನ ಲೆಕ್ಕವೂ ಹೆಚ್ಚು ಕಡಿಮೆ ಒಂದೇ, ಅದೇ ಮೋಸ. ಬೇರೆ ಅಳತೆ ಆದ್ರೆ ಎರಡು ಸುತ್ತಿಗೆ ಕಚ್ಚಿ ನಿಂತು ‘ನಾನಲ್ಲ ಕಣೋ’ ಅಂತ ಹೇಳ್ಬಿಡುತ್ತೆ. ಇದು ಹಾಗಲ್ಲ, ಕೊನೇವರೆಗೂ ಹೋಗುತ್ತೆ. ಉಗುರಿನ ದಪ್ಪದಷ್ಟು ಸಣ್ಣದು, ಆದ್ದರಿಂದ ಬಿಗಿ ಕೂರಲ್ಲ. ಅದಕ್ಕೆ ಒಂದು ಕಳ್ಳದಾರಿ ಇದೆ. ಬೋಲ್ಟಿಗೆ ಹತ್ತಿ ದಾರ ಸುತ್ತಿ, ಗ್ರೀಸ್ ಹಚ್ಚಿ ತಿರುಗಿಸೋದು. ಸ್ಪ್ಯಾನರಿಗೆ ಬಿಗಿ ಸಿಗುತ್ತೆ, ಕಣ್ಣಿಗೆ ಸರಿ ಕಾಣುತ್ತೆ. ಇವನ ಅಂಗಿ ಗುಂಡಿ ಹೊಲ್ಕೊಳ್ಳೋಕೆ ದೊಡ್ಡಮ್ಮ ಕೊಟ್ಟ ಕೆಂಪು ದಾರ ಜೇಬಲ್ಲೇ ಇತ್ತು.

‘ಆಯ್ತೇನಪ್ಪಾ?’

‘ಆಯ್ತು ಸಾರ್.’

ಬೈಕು ಹೋಯ್ತು. ಮಾರನೇ ದಿನ ಯಾರೋ ಸರ್ವೆಯರ್ ಹೆದ್ದಾರೀಲಿ ಬಿದ್ದು ಸತ್ತ ಅಂತ ಸುದ್ದಿ. ಮುಂದಿನ ಚಕ್ರ ಇದ್ದಕ್ಕಿದ್ದ ಹಾಗೆ ಕಚ್ಕೊಂಡು ನಿಂತಿತ್ತಂತೆ. ‘ಜೋರು ಓಡಿಸಿರ್ತಾನೆ’ ಅಂದ್ರು ಮೇಸ್ತ್ರಿ. ಬೋಲ್ಟು ಕಳಚಿ ಮಡ್ಗಾರ್ಡಿನ ಕಂಬಿ ಚಕ್ರಕ್ಕೆ ಸಿಕ್ಕಿದೆ ಅಂತ ಇವನಿಗೆ ಮಾತ್ರ ಹೊಳೀತು. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗೆ ಇವನ ಕೈ ಜೇಬಿನ ದಾರದ ಮೇಲೆ ಹೋಯ್ತು. ಬಾಯಿ ತೆರೀಲಿಲ್ಲ. ಆವತ್ತಿಂದ ನಿಧಾನ ಆದ, ನೋಡಿ. ಒಂದು ಬೋಲ್ಟು ಹಾಕೋಕೆ ಹತ್ತು ಸಲ ಅಳೆಯೋನಾದ. ಮೇಸ್ತ್ರಿ ಹೋದ ಮೇಲೆ ಶೆಡ್ಡು ಇವನಿಗೇ ಬಂತು, ಬಾವಿಯೂ ಜೊತೆಗೆ ಬಂತು.

ಈಗ ಮತ್ತೆ ಕತೆಗೆ ಬರೋಣ.

ಆ ಕೆಂಪು ದಾರ ಸಿಕ್ಕ ಮೇಲೆ ದಿನಾ ರಾತ್ರಿ ಕ್ರಿಕ್ ಕ್ರಿಕ್ ಕ್ರಿಕ್. ಇವನು ಬೇರೆ ದಾರೀಲಿ ಬರಬಹುದಿತ್ತಲ್ಲ ಅಂತೀರಿ. ಬೇರೆ ದಾರಿ ಸುತ್ತು, ಮೊಣಕಾಲು ಕೇಳಲ್ಲ. ಹೆದರಿಕೆಗಿಂತ ಸುಸ್ತು ದೊಡ್ಡದು, ಐವತ್ತು ದಾಟಲಿ, ನಿಮಗೂ ಗೊತ್ತಾಗುತ್ತೆ.

ಕೆಲಸ ಮಾತ್ರ ಪ್ರಾಣ ಒತ್ತೆ ಇಟ್ಟು ಮಾಡಿದ. ಮುಂದಿನ ಮಡ್ಗಾರ್ಡಿಗೇ ಎರಡು ತಿಂಗಳು ಅಲೆದ. ಮೊದಲು ಸಿಕ್ಕಿದ್ದು ಹೊಸದಾಗಿ ಮಾಡಿದ ನಕಲು. ಫಳಫಳ ಅಂತಿತ್ತು, ಆದ್ರೆ ತಗಡು ತೆಳು, ನಡು ಏಣು ಚಪ್ಪಟೆ, ಕಂಬಿ ತೂತು ಅರ್ಧ ಬೆರಳು ಆಚೆ. ಎಳೆದು ಕೂರಿಸಬಹುದಿತ್ತು. ಎಳೆದು ಕೂರಿಸಿದ ತಗಡು ಸುಮ್ಮನಿರಲ್ಲ, ಒಂದಲ್ಲ ಒಂದು ದಿನ ಬಿರುಕು ಬಿಡುತ್ತೆ. ವಾಪಸ್ ಕಳಿಸಿದ. ಕೊನೆಗೆ ಒಬ್ಬ ಮುದುಕರ ಅಟ್ಟದ ಮೇಲೆ ಅಸಲಿ ಸಿಕ್ತು, ಒಳಗಡೆ ಹಳೇ ಹಸಿರು ಬಣ್ಣ ಸಮೇತ. ಬೆರಳ ಗೆಣ್ಣಲ್ಲಿ ತಟ್ಟಿದ್ರೆ ಟಣ್ ಅಂತ ತುಂಬು ದನಿ. ಟೈರಿಗೂ ಅದಕ್ಕೂ ಮಧ್ಯೆ ಎಲ್ಲಾ ಕಡೆ ಒಂದೇ ಸಮ ಎರಡು ಬೆರಳು ಸಂದು ಇಟ್ಟು ಕೂರಿಸಿದ. ಮೂರು ಹಳೇ ಬೋಲ್ಟು ತೊಳೆದು ಹಾಕಿದ. ನಾಲ್ಕನೆಯದು ಎಷ್ಟು ಹುಡುಕಿದ್ರೂ ಎಲ್ಲೂ ಸಿಗಲಿಲ್ಲ.

ಲೇತಿನವನ ಹತ್ತಿರ ಓಡಿದ. ‘ಒಂದೇ ಒಂದು ಬೋಲ್ಟು ಕಡೆದು ಕೊಡು ಮಾರಾಯ.’

‘ಆ ಅಳತೆ ತ್ರೆಡ್ಡು ಹೊಡೆಯೋ ಡೈ ಹಲ್ಲು ಉದುರಿಸ್ಕೊಂಡಿದೆ ಅಣ್ಣಾ, ನನ್ನ ಹಾಗೇ. ಹೊಸದು ಬರೋಕೆ ಹತ್ತು ದಿನ.’

ಸಂಜೆ ಟೀಚರಮ್ಮನ ಫೋನು. ‘ಮಗನ ರಜಾ ನಾಳೆ ಭಾನುವಾರಕ್ಕೆ ಮುಗಿಯುತ್ತೆ. ಬೆಳಿಗ್ಗೆ ಎಂಟಕ್ಕೆ ಬರ್ತೀವಿ. ಅವನ ಹಿಂದೆ ಕೂತ್ಕೊಂಡು ಮನೆಗೆ ಹೋಗಬೇಕು ಅಂತ ನಂಗೊಂದು ಆಸೆ ಕಣಪ್ಪಾ. ನಗಬೇಡ.’

ಇವನು ನಗಲಿಲ್ಲ. ‘ಆಗಲಿ ಅಮ್ಮಾ’ ಅಂದ. ಆಗಲ್ಲ ಅನ್ನಬೇಕಿತ್ತು. ಅಂದ್ರೆ ಯಾಕೆ ಅಂತ ಕೇಳ್ತಾರೆ. ಒಂದು ಬೋಲ್ಟಿಗೆ ಯಾಕಪ್ಪಾ ಇಷ್ಟು ಅಂತ ಕೇಳ್ತಾರೆ. ಆಮೇಲೆ ಎಲ್ಲಾ ಹೇಳಬೇಕಾಗುತ್ತೆ. ಅದಕ್ಕೆ ಅವನಿಗೆ ಧೈರ್ಯ ಇರಲಿಲ್ಲ, ಅಷ್ಟೇ.

ಶನಿವಾರ ರಾತ್ರಿ ಹನ್ನೊಂದು. ಶೆಡ್ಡಲ್ಲಿ ಒಂದೇ ಬಲ್ಬು. ಅಲ್ಲಿ ಆ ಬೈಕು ಹೊಳೀತಾ ನಿಂತಿದೆ, ಒಂದು ಕಿವಿ ಖಾಲಿ. ಡಬ್ಬೀಲಿ ಆರು ಮಿಲಿಮೀಟರಿನ ಬೋಲ್ಟು ಇದೆ. ಈಗಿನ ಮಟ್ಟಿಗೆ… ನಿಧಾನವಾಗಿ ಓಡಿಸಿ ಅಂದ್ರಾಯ್ತು… ಹತ್ತು ದಿನ ಬಿಟ್ಟು ಕರೆಸಿ ಬದಲಾಯಿಸಿದ್ರಾಯ್ತು… ನೋಡಿ, ದಣಿದ ಮನುಷ್ಯನ ತಲೆಗೆ ಎಂಥೆಂಥಾ ನೆಪ ಹೊಳೀತಾವೆ. ಕೈ ತಾನಾಗೇ ದಾರ ಹುಡುಕ್ತು. ಈ ಸಲ ಬಿಳೀ ದಾರ. ಸುತ್ತಿದ. ಗ್ರೀಸ್ ಹಚ್ಚಿದ. ತಿರುಗಿಸಿದ. ಬಿಗಿ ಸಿಕ್ತು.

ಬೀಗ ಹಾಕಿ ಹೊರಟ. ಬಾವಿ ಹತ್ತಿರ ಬಂದ. ಸದ್ದಿಲ್ಲ. ಕೀ ಕೊಡೋ ಸದ್ದೂ ಇಲ್ಲ. ಕಟ್ಟೆ ದಾಟಿ ಎರಡು ಹೆಜ್ಜೆ ಇಟ್ಟಾಗ… ಬೆನ್ನ ಹಿಂದೆ, ಹತ್ತಿರದಲ್ಲೇ, ಮೆಲ್ಲಗೆ…

‘ಆಯ್ತೇನಪ್ಪಾ?’

ಕೋಪದ ದನಿ ಅಲ್ಲ. ಕಾದು ಕಾದು ಸೋತಿರೋ ದನಿ.

ನಿಧಾನಣ್ಣ ತಿರುಗಿ ನೋಡಲಿಲ್ಲ. ಆದ್ರೆ ಬಾಯಿಂದ ಬಂದ ಮಾತು ಅದೇ. ಹಳೇದೇ.

‘ಆಯ್ತು ಸಾರ್.’

ಆಮೇಲೆ ಚಪ್ಪಡಿ ಕೆಳಗೆ, ಆಳದಲ್ಲಿ… ಟಿಣ್… ಟಿಣ್… ಬುಳಕ್.

ಇಟ್ಟಿಗೆ ತುಂಬಿರೋ ಬಾವೀಲಿ ಬುಳಕ್ ಅನ್ನೋಕೆ ನೀರೆಲ್ಲಿಂದ ಬರಬೇಕು? ನನ್ನ ಕೇಳಬೇಡಿ.

ಮನೆಗೆ ಬಂದು ಬಾಗಿಲು ಹಾಕ್ಕೊಂಡ. ಮಲಗಿದ. ಗಂಟೆ ಎರಡಾಗಿರಬೇಕು, ಪಕ್ಕದಲ್ಲಿ ಅತ್ತಿಗೆ ಪಿಸುಗುಟ್ಟಿದ್ರು.

‘ರೀ… ಎಚ್ಚರ ಇದೀರಾ?’

‘ಹೂಂ.’

‘ಮೆಟ್ಟಿಲ ಮೇಲೆ ಯಾರೋ ಕೂತಿದಾರೆ. ಗಡಿಯಾರಕ್ಕೆ ಕೀ ಕೊಡ್ತಿದಾರೆ. ಆಗಲಿಂದ.’

ಇಷ್ಟು ದಿನ ತಲೆ ಕೆಟ್ಟಿದೆ ಅಂತ ಅಂದ್ಕೊಂಡಿದ್ದ ಅವನು. ಈಗ ಹೆಂಡತಿಗೂ ಕೇಳಿಸ್ತಿದೆ. ಕತ್ತಲಲ್ಲೇ ಎಲ್ಲಾ ಹೇಳಿದ. ಬಾವಿಗೆ ಬಿದ್ದ ಬೋಲ್ಟು, ಕೆಂಪು ದಾರ, ಬಿಳೀ ದಾರ, ಎಲ್ಲಾ. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಹೇಳದೆ ಇದ್ದದ್ದು. ಹೇಳ್ತಾ ಹೇಳ್ತಾ ಅತ್ತ.

ಅತ್ತಿಗೆ ಸಮಾಧಾನ ಮಾಡಲಿಲ್ಲ. ಎದ್ದು ಕೂದಲು ಗಂಟು ಹಾಕ್ಕೊಂಡ್ರು. ‘ಎಂಟು ಗಂಟೆಗೆ ತಾಯಿ ಮಗ ಇಬ್ಬರೂ ಅದರ ಮೇಲೆ ಕೂರ್ತಾರೆ. ಏಳಿ, ಹೋಗಿ ಬಿಚ್ಚೋಣ. ಟಾರ್ಚ್ ನಾನು ಹಿಡೀತೀನಿ.’

‘ಮೆಟ್ಟಿಲ ಮೇಲೆ…’

‘ಕೂತಿದ್ರೆ ಕೂತಿರಲಿ. ಪಕ್ಕಕ್ಕೆ ಸರೀರಿ ಅಂತ ಹೇಳ್ತೀನಿ.’

ನಮ್ಮತ್ತಿಗೆ ಅಂದ್ರೆ ಅದು. ಬಾಗಿಲು ತೆಗೆದ್ರೆ ಮೆಟ್ಟಿಲು ಖಾಲಿ. ಇಬ್ಬರೂ ಶೆಡ್ಡಿಗೆ ಹೋದ್ರು. ಟಾರ್ಚ್ ಬೆಳಕಲ್ಲಿ ಸ್ಪ್ಯಾನರ್ ಹಾಕೋಕೆ ಕೈ ಚಾಚಿದ. ಬೋಲ್ಟು ಬೆರಳಿಗೇ ಬಂತು. ರಾತ್ರಿ ಹನ್ನೊಂದಕ್ಕೆ ಸ್ಪ್ಯಾನರಲ್ಲಿ ಬಿಗಿದದ್ದು, ಬೈಕು ನಿಂತಲ್ಲೇ ನಿಂತಿತ್ತು, ಆದ್ರೂ ಎರಡು ಬೆರಳಲ್ಲಿ ತಿರುಗಿ ಆಚೆ ಬಂತು. ಬಿಳೀ ದಾರ ನೆಂದು ತೊಟ್ಟಿಕ್ತಾ ಇತ್ತು. ಅತ್ತಿಗೆ ಬೆರಳಿಟ್ಟು ನೋಡಿದ್ರು, ನೀರು, ಅವರೇ ಹೇಳಿದ್ದು.

ಬಿಚ್ಚಿದ ಬೋಲ್ಟು ಹಿಡ್ಕೊಂಡು ಅವನು ಬಾವಿ ಹತ್ತಿರ ಹೋದ. ಕಟ್ಟೆಗೆ ಎರಡು ಮಾರು ದೂರ ನಿಂತ.

‘ಸಾರ್… ಆಗಿಲ್ಲ. ಒಂದು ಬೋಲ್ಟು ಇಲ್ಲ. ಆವತ್ತೂ ಇರಲಿಲ್ಲ… ಆವತ್ತು ಬಿದ್ದಿದ್ದು ಕಲ್ಲಲ್ಲ ಸಾರ್.’

ಕ್ರಿಕ್… ಕ್ರಿಕ್…

‘ಗೊತ್ತು’ ಅಂತು ದನಿ. ‘ಸರಿಯಾಗೇ ಮಾಡು. ಕಾಯ್ತೀನಿ.’

ಇಬ್ಬರಿಗೂ ಕೇಳಿಸ್ತು. ಒಬ್ಬರಿಗಲ್ಲ, ಇಬ್ಬರಿಗೂ.

ಬೆಳಿಗ್ಗೆ ಎಂಟಕ್ಕೆ ತಾಯಿ ಮಗ ಬಂದ್ರು. ಮಗ ಎತ್ತರದವನು, ಆಸ್ಪತ್ರೇಲಿ ಎಕ್ಸ್‌ರೇ ತೆಗೆಯೋ ಕೆಲಸದವನು. ಹೆಲ್ಮೆಟ್ಟು ಎರಡು ತಂದಿದ್ದ, ಒಂದು ಹೊಸದು, ಅಮ್ಮನಿಗೆ. ಬೈಕು ನೋಡಿ ಅವನ ಕಣ್ಣು ತುಂಬ್ತು. ನಿಧಾನಣ್ಣ ಕೂರೋಕೆ ಹೇಳಲಿಲ್ಲ, ಟೀ ತರಿಸಲಿಲ್ಲ. ನಿಂತಲ್ಲೇ ಎಲ್ಲಾ ಹೇಳಿದ. ಖಾಲಿ ಕಿವಿ ತೋರಿಸಿದ. ಕಾಗದದಲ್ಲಿ ಸುತ್ತಿಟ್ಟಿದ್ದ ಕೆಂಪು ದಾರ ತೆಗೆದು ಟೀಚರಮ್ಮನ ಕೈಗೆ ಕೊಟ್ಟ. ರಾತ್ರಿ ತಾನು ಮತ್ತೆ ಏನು ಮಾಡಿದ್ದೆ ಅನ್ನೋದನ್ನೂ ಬಿಡಲಿಲ್ಲ. ಬಾವಿ ಮಾತು ಮಾತ್ರ ಎತ್ತಲಿಲ್ಲ.

ಮಗನ ಮುಖ ಕೆಂಪಾಯ್ತು. ಒಂದು ಹೆಜ್ಜೆ ಮುಂದೆ ಬಂದ. ಟೀಚರಮ್ಮ ಅವನ ಕೈ ಹಿಡಿದ್ರು. ಅವರ ಕಣ್ಣು ದಾರದ ಮೇಲೇ ಇತ್ತು.

‘ಕುಡಿದಿದ್ದ ಅಂದ್ರು’ ಅಂದ್ರು. ‘ಮಗು ಹುಟ್ಟಿದ ಖುಷಿಗೆ ಕುಡಿದು ಓಡಿಸಿದ ಅಂತ ನಮ್ಮನೆಯವರ ಅಣ್ಣಂದಿರೇ ಅಂದ್ರು. ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬರಲ್ಲ. ನಾನೂ ನಂಬಿದೆ. ನನ್ನ, ಮಗೂನ ಬಿಟ್ಟು ಹೋದ ಅಂತ ಮೂವತ್ತೊಂದು ವರ್ಷ ಬೈಕೊಂಡೆ. ಒಂದು ದಿನ ಆ ಫೋಟೋ ಮುಂದೆ ನಿಂತು ಅಳಲಿಲ್ಲ ನಾನು.’

ಟೀಚರಮ್ಮ ನಿಧಾನಣ್ಣನ ಕಡೆ ತಿರುಗಿದ್ರು.

‘ನಿನ್ನ ಕ್ಷಮಿಸ್ತೀನೋ ಇಲ್ವೋ ನಂಗೆ ಗೊತ್ತಿಲ್ಲ. ಈಗ ಕೇಳಬೇಡ. ಕಾಲು ಸೋತು ಬಂತು, ಒಂದು ಗಳಿಗೆ ಕೂತು ಬರ್ತೀನಿ.’

ಹೊರಗೆ ಹೋದ್ರು. ಕೂರೋಕೆ ಅಲ್ಲಿ ಬೇರೇನೂ ಇಲ್ಲ. ಬಾವಿ ಕಟ್ಟೆ ಮೇಲೆ ಕೂತ್ರು. ಅವರು ಅಲ್ಲಿ ಕೂತು ಅತ್ತಿದ್ದು ಶೆಡ್ಡಿಗೆ ಕೇಳಿಸ್ತಿತ್ತು. ಬಹಳ ಹೊತ್ತು ಅತ್ರು. ಆಮೇಲೆ ಮುಖ ಒರೆಸ್ಕೊಂಡು ಎದ್ದು ಬಂದ್ರು, ಮುಷ್ಟಿ ಮುಂದೆ ಚಾಚಿದ್ರು.

‘ಇದು ನಿಂದೇನಪ್ಪಾ? ಚಪ್ಪಡಿ ಮೇಲೆ ಬಿದ್ದಿತ್ತು.’

ಒಂದು ಬೋಲ್ಟು. ತಲೆ ಮೇಲೆ ಸಣ್ಣ ಉಬ್ಬು. ಒದ್ದೆ.

ನಿಧಾನಣ್ಣ ಅಳೆದ. ಕಾಲಿಂಚು. ತ್ರೆಡ್ಡಿನ ಗೇಜು ಇಟ್ಟ. ಇಪ್ಪತ್ತಾರು. ಹತ್ತು ಸಲ ಇಟ್ಟ. ಬಾವಿಗೆ ಬಿದ್ದ ಬೋಲ್ಟು ಮೂವತ್ತೊಂದು ವರ್ಷಕ್ಕೆ ತುಕ್ಕಾಗಿ ಹುಡಿ ಆಗಿರಬೇಕು. ಇದರ ಮೇಲೆ ಒಂದು ಚುಕ್ಕೆ ತುಕ್ಕಿಲ್ಲ. ಖಾಲಿ ಕಿವಿಗೆ ಹಿಡಿದ. ಬೆರಳಲ್ಲೇ ಸರಾಗ ಒಳಗೆ ಹೋಯ್ತು, ಕೊನೇ ಸುತ್ತಿಗೆ ಟಿಕ್ ಅಂತ ಕೂತಿತು. ಸ್ಪ್ಯಾನರಲ್ಲಿ ಕಾಲು ಸುತ್ತು ಬಿಗಿದ. ಮಡ್ಗಾರ್ಡು ತಟ್ಟಿದ. ಟಣ್.

ಮಗ ಓಡಿಸಿದ, ಟೀಚರಮ್ಮ ಹಿಂದೆ ಕೂತ್ರು. ಹೋಗೋವಾಗ ಅವರು ತಿರುಗಿ ನೋಡಲಿಲ್ಲ. ಆದ್ರೆ ಮೂರು ತಿಂಗಳಿಗೊಮ್ಮೆ ಬೈಕನ್ನ ಅವನ ಹತ್ತಿರಾನೇ ಸರ್ವೀಸಿಗೆ ಕಳಿಸ್ತಾರೆ, ಬೇರೆಯವರ ಕೈಗೆ ಕೊಡಲ್ಲ. ಬಾವಿ ಹತ್ತಿರ ಆಮೇಲೆ ಯಾವ ಸದ್ದೂ ಇಲ್ಲ. ನಿಧಾನಣ್ಣ ಈಗಲೂ ಅದೇ ದಾರೀಲಿ ಕುಂಟ್ತಾ ಬರ್ತಾನೆ.

ನೀವು ನಂಬಲ್ಲ, ನಂಗೊತ್ತು. ಹೋದ ತಿಂಗಳು ಆ ಬೈಕು ಶೆಡ್ಡಿಗೆ ಬಂದಿತ್ತು. ಕಡು ಬೇಸಿಗೆ, ಮಟಮಟ ಮಧ್ಯಾಹ್ನ, ಬೈಕು ಬಿಸಿಲಲ್ಲಿ ನಿಂತು ಎರಡು ಗಂಟೆ ಆಗಿತ್ತು. ಮುಟ್ಟಿದ್ರೆ ಕೈ ಸುಡ್ತಿತ್ತು. ನಾನು ಬಗ್ಗಿ ನಾಲ್ಕೂ ಬೋಲ್ಟು ಒಂದೊಂದಾಗಿ ಮುಟ್ಟಿ ನೋಡಿದೆ. ಇದೇ ಬೆರಳಲ್ಲಿ. ಮೂರು ಕಾದಿದ್ವು. ನಾಲ್ಕನೆಯದು ತಣ್ಣಗಿತ್ತು, ಬೆರಳಿಗೆ ನೀರು ಹತ್ತಿತು.